ಪಿ.ಟಿ. ಮೇಷ್ಟ್ರೂ ಬರವಣಿಗೆ ಕಲಿಸಿದ ಶಾಲೆ: ಬ್ರಾಕ್‌ಟನ್ ಹೈಸ್ಕೂಲಿನ ಪ್ರಕರಣ

1998ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎಂಕ್ಯಾಸ್ (MCAS) ಅನ್ನುವ ರಾಜ್ಯಮಟ್ಟದ ಪರೀಕ್ಷೆ ಮೊದಲ ಸಲ ನಡೆಯಿತು. ಬ್ರಾಕ್‌ಟನ್ ಹೈಸ್ಕೂಲಿನ ಹತ್ತನೇ ತರಗತಿಯ ಫಲಿತಾಂಶ ಹೀಗಿತ್ತು: ಇಂಗ್ಲಿಷಿನಲ್ಲಿ ನೂರಕ್ಕೆ 44 ಮಕ್ಕಳು ಫೇಲು, ಗಣಿತದಲ್ಲಿ ನೂರಕ್ಕೆ 75 ಮಕ್ಕಳು ಫೇಲು. ಮೂವರಲ್ಲಿ ಒಬ್ಬರು ಓದು ಮುಗಿಸದೆ ಶಾಲೆ ಬಿಡುತ್ತಿದ್ದರು. ಹನ್ನೆರಡು ವರ್ಷದ ನಂತರ, 2010ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ವರದಿ ಇದೇ ಶಾಲೆಯನ್ನು ಮಾದರಿ ಶಾಲೆಗಳ ಸಾಲಿನಲ್ಲಿ ಇಟ್ಟು ಮಾತಾಡಿತು.

ಈ ನಡುವೆ ಅಲ್ಲಿ ಹಳೇ ಮೇಷ್ಟ್ರುಗಳನ್ನೆಲ್ಲ ತೆಗೆದು ಹೊಸಬರನ್ನು ತರಲಿಲ್ಲ. ಜಾಣ ಮಕ್ಕಳನ್ನು ಆರಿಸಿ ಸೇರಿಸಿಕೊಳ್ಳಲಿಲ್ಲ. ದೊಡ್ಡ ಶಾಲೆಯನ್ನು ಒಡೆದು ಚಿಕ್ಕ ಚಿಕ್ಕದು ಮಾಡಲಿಲ್ಲ. ಆಗ ಅಮೆರಿಕದಲ್ಲಿ ಅದೇ ದೊಡ್ಡ ಅಲೆ. ಗೇಟ್ಸ್ ಫೌಂಡೇಷನ್ ಅದಕ್ಕಾಗಿ ಧಾರಾಳವಾಗಿ ಹಣ ಸುರಿಯುತ್ತಿತ್ತು. ಬ್ರಾಕ್‌ಟನ್ 4,100 ಮಕ್ಕಳ ದೊಡ್ಡ ಶಾಲೆಯಾಗಿಯೇ ಉಳಿಯಿತು. ಅವರು ಮುಖ್ಯವಾಗಿ ಒಂದು ಕೆಲಸ ಮಾಡಿದರು. ಓದುಬರಹವನ್ನು ಭಾಷೆಯ ಪೀರಿಯಡ್ಡಿನಿಂದ ಹೊರಗೆ ತಂದು ಎಲ್ಲ ವಿಷಯದ ಮೇಷ್ಟ್ರ ಕೈಗೂ ಕೊಟ್ಟರು.

ಈ ಶಾಲೆಯ ವಿಚಾರ ಬಂದಾಗ ಹೆಚ್ಚಿನವರು ಅಲ್ಲಿನ ಹತ್ತು ಹಂತದ ಬರವಣಿಗೆ ಪಟ್ಟಿಯನ್ನೇ ಎತ್ತಿ ಹೇಳುತ್ತಾರೆ. ಪಟ್ಟಿ ಒಳ್ಳೆಯದೇ, ಮುಂದೆ ಅದನ್ನು ಪೂರ್ತಿ ಕೊಡುತ್ತೇನೆ. ಆದರೆ ಅಂಥ ಪಟ್ಟಿಗಳು ನಮ್ಮ ತರಬೇತಿಗಳಲ್ಲೂ ಬೇಕಾದಷ್ಟು ಸಿಗುತ್ತವೆ, ಅಲ್ವಾ? ಬ್ರಾಕ್‌ಟನ್‌ನಲ್ಲಿ ಸುಮಾರು ಮುನ್ನೂರು ಮೇಷ್ಟ್ರು ಒಂದೇ ಪಟ್ಟಿಯನ್ನು ಒಂದೇ ರೀತಿ ಕಲಿಸಿದರು. ಆಮೇಲೆ ಮಕ್ಕಳು ಬರೆದ ಹಾಳೆಯನ್ನು ಕೂತು ನೋಡಿದರು. ನಾನು ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಈ ಎರಡು ಸಂಗತಿಗಾಗಿ.

ಊರು, ಶಾಲೆ, ಮಕ್ಕಳು

ಬ್ರಾಕ್‌ಟನ್ ಬಾಸ್ಟನ್ ನಗರದ ದಕ್ಷಿಣಕ್ಕಿದೆ. ಒಂದು ಕಾಲಕ್ಕೆ ಬೂಟು ತಯಾರಿಸುವ ಕಾರ್ಖಾನೆಗಳಿಂದ ತುಂಬಿದ್ದ ಊರು. ಕಾರ್ಖಾನೆಗಳು ಮುಚ್ಚಿದವು, ಕೂಲಿ ಕೆಲಸದ ಕುಟುಂಬಗಳು ಉಳಿದವು. ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಇದೇ ಊರಿನವರು. ಶಾಲೆಯ ಆಟದ ತಂಡಗಳಿಗೂ ಬಾಕ್ಸರ್ಸ್ ಅಂತಲೇ ಹೆಸರು. ಫುಟ್‌ಬಾಲ್ ಅಂದರೆ ಊರಿಗೆ ಊರೇ ಸೇರುತ್ತದೆ. ಶಾಲೆಯ ಬಗ್ಗೆ ಹೆಮ್ಮೆ ಇತ್ತು, ಆದರೆ ಅದು ಮೈದಾನದ ಹೆಮ್ಮೆ.

ಮಕ್ಕಳಲ್ಲಿ ಹೆಚ್ಚಿನವರು ಬಡ ಮನೆಯವರು. ಕೇಪ್ ವರ್ಡ್ ದ್ವೀಪಗಳಿಂದ, ಹೈಟಿಯಿಂದ ಬಂದ ಕುಟುಂಬಗಳು ಅಲ್ಲಿ ಜಾಸ್ತಿ. ಮನೆಯಲ್ಲಿ ಕ್ರಿಯೋಲ್ ಮಾತು, ಶಾಲೆಯಲ್ಲಿ ಇಂಗ್ಲಿಷ್. ಮನೆಯಲ್ಲಿ ಲಂಬಾಣಿ, ತುಳು, ಉರ್ದು ಅಥವಾ ತೆಲುಗು ಮಾತಾಡಿ ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳ ಸ್ಥಿತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ಆ ಮಗುವಿಗೆ ವಿಜ್ಞಾನದ ಪೀರಿಯಡ್ಡೂ ಒಂದು ಭಾಷೆಯ ಪೀರಿಯಡ್ಡೇ. ಮೇಷ್ಟ್ರಿಗೆ ಮಾತ್ರ ಅದು ಗೊತ್ತಿರುವುದಿಲ್ಲ.

ಶಾಲೆಯೊಳಗೆ ಆಗ ಓಡಾಡುತ್ತಿದ್ದ ಮಾತೊಂದಿತ್ತು: ಬೇಕಿದ್ದರೆ ಫೇಲಾಗುವ ಹಕ್ಕು ಮಕ್ಕಳಿಗಿದೆ. ಕೇಳಲು ಮಕ್ಕಳ ಸ್ವಾತಂತ್ರ್ಯದ ಮಾತಿನ ಹಾಗಿದೆ. ಆದರೆ ಅದರ ಒಳಗಿದ್ದದ್ದು ದೊಡ್ಡವರ ಕೈಚೆಲ್ಲುವಿಕೆ. ನಾವು ಕಲಿಸುತ್ತೇವೆ, ಕಲಿಯುವುದು ಬಿಡುವುದು ಅವರಿಗೆ ಬಿಟ್ಟಿದ್ದು ಅನ್ನುವ ಮಾತನ್ನು ನಮ್ಮ ಸ್ಟಾಫ್ ರೂಮುಗಳಲ್ಲೂ ಕೇಳುತ್ತೇವೆ.

ಎಂಕ್ಯಾಸ್ ಬಂದಮೇಲೆ ಆ ಮಾತು ನಡೆಯುವಂತಿರಲಿಲ್ಲ. 2003ರಲ್ಲಿ ಶಾಲೆ ಮುಗಿಸುವ ಬ್ಯಾಚಿನಿಂದ, ಹತ್ತನೇ ತರಗತಿಯ ಈ ಪರೀಕ್ಷೆ ಪಾಸಾಗದವರಿಗೆ ಹೈಸ್ಕೂಲು ಡಿಪ್ಲೊಮಾ ಇಲ್ಲ ಅಂತ ರಾಜ್ಯ ನಿಯಮ ಮಾಡಿತ್ತು. ಅಲ್ಲಿ ಹೈಸ್ಕೂಲು ಹನ್ನೆರಡನೇ ತರಗತಿಯವರೆಗೆ, ಹಾಗಾಗಿ ಆ ಬ್ಯಾಚು ಪರೀಕ್ಷೆಗೆ ಕೂರಬೇಕಾದದ್ದು 2001ರಲ್ಲಿ. ಹಳೇ ಲೆಕ್ಕವೇ ಮುಂದುವರಿದರೆ ನೂರಾರು ಮಕ್ಕಳು ಕೈಯಲ್ಲಿ ಸರ್ಟಿಫಿಕೇಟ್ ಇಲ್ಲದೆ ಹೊರಗೆ ಹೋಗುತ್ತಿದ್ದರು.

ಶನಿವಾರದ ಕಮಿಟಿ

ಸಮಾಜ ವಿಜ್ಞಾನ ವಿಭಾಗದ ಮುಖ್ಯಸ್ಥೆಯಾಗಿದ್ದ ಸೂಸನ್ ಸ್ಯಾಕೊವಿಚ್ ಮತ್ತು ಇನ್ನಷ್ಟು ಮೇಷ್ಟ್ರುಗಳು ಸೇರಿ ಒಂದು ಕಮಿಟಿ ಮಾಡಿಕೊಂಡರು. ಸೂಸನ್ ಅವರೂ ಅದೇ ಶಾಲೆಯಲ್ಲಿ ಓದಿದವರು. ಕಮಿಟಿ ಶನಿವಾರಗಳಲ್ಲಿ ಕೂರುತ್ತಿತ್ತು. ಅಲ್ಲಿ ಶನಿವಾರ ಶಾಲೆಗೆ ರಜೆ. ಬೇರೆ ಬೇರೆ ವಿಷಯದವರು ತಾವಾಗಿಯೇ ಬರುತ್ತಿದ್ದರು. ಆಡಳಿತದವರು ಬೆನ್ನಿಗಿದ್ದರು, ಆದರೆ ಯೋಜನೆ ಮೇಲಿಂದ ಇಳಿದದ್ದಲ್ಲ.

ಅವರು ಮೊದಲು ಪ್ರಶ್ನೆಪತ್ರಿಕೆಯನ್ನೇ ಬಿಡಿಸಿ ನೋಡಿದರು. ಮಕ್ಕಳು ಎಲ್ಲಿ ಎಡವುತ್ತಿದ್ದಾರೆ? ಪಾಠ ಗೊತ್ತಿಲ್ಲದೆ ಎಡವುವವರು ಇದ್ದೇ ಇದ್ದರು. ಆದರೆ ಉದ್ದದ ಗದ್ಯ ಓದಿ ಅದರಲ್ಲಿ ಬೇಕಾದದ್ದನ್ನು ಹುಡುಕುವುದು, ಲೆಕ್ಕದ ಪ್ರಶ್ನೆ ಏನು ಕೇಳುತ್ತಿದೆ ಅಂತ ತಿಳಿಯುವುದು, ಉತ್ತರಕ್ಕೆ ಕಾರಣ ಕೊಟ್ಟು ನಾಲ್ಕು ಸಾಲು ಬರೆಯುವುದು, ಇವು ಎಲ್ಲ ವಿಷಯದಲ್ಲೂ ಕೈಕೊಡುತ್ತಿದ್ದವು. ಗಣಿತದಲ್ಲಿ ಫೇಲಾದ ಮಗು ಕೂಡ ಎಷ್ಟೋ ಸಲ ಓದುವುದರಲ್ಲಿ ಫೇಲಾಗಿರುತ್ತಿತ್ತು.

ಹಾಗಾಗಿ ನಾಲ್ಕು ಕೌಶಲ ಆರಿಸಿಕೊಂಡರು: ಓದುವುದು, ಬರೆಯುವುದು, ಮಾತಾಡುವುದು, ತರ್ಕಿಸುವುದು. ಪ್ರತಿಯೊಂದಕ್ಕೂ ಒಂದು ಚಾರ್ಟು. ತಮ್ಮ ವಿಷಯದಲ್ಲಿ ಮಕ್ಕಳಿಗೆ ಏನೇನು ಬರಬೇಕು ಅಂತ ಎಲ್ಲ ವಿಭಾಗದವರನ್ನೂ ಕೇಳಿ ಚಾರ್ಟು ತಿದ್ದಿದರು. ಕೊನೆಗೆ ಅವು ಪ್ರತಿ ತರಗತಿಯ ಗೋಡೆಗೂ ಬಂದವು.

ಚಾರ್ಟಿನ ಸಾಲುಗಳು ಸರಳ. ಓದಿನ ಚಾರ್ಟಿನಲ್ಲಿ: ಓದುವ ಮೊದಲು ಯಾಕೆ ಓದುತ್ತಿದ್ದೇವೆ ಅಂತ ತಿಳಿಯುವುದು, ಹೊಸ ಪದಗಳನ್ನು ಮೊದಲೇ ಕಲಿಯುವುದು, ಮುಖ್ಯ ವಿಚಾರ ಹುಡುಕುವುದು. ಬರಹದಲ್ಲಿ: ಟಿಪ್ಪಣಿ ಮಾಡುವುದು, ತಾನು ಹೇಗೆ ಯೋಚಿಸಿದೆ ಅಂತ ವಿವರಿಸುವುದು, ಹೋಲಿಸುವುದು, ಪ್ರಯೋಗ ಮತ್ತು ಅದರ ಫಲಿತಾಂಶ ಬರೆಯುವುದು. ತರ್ಕದಲ್ಲಿ: ಕೋಷ್ಟಕ, ನಕ್ಷೆ ಓದಿ ಹೇಳುವುದು, ವಾಕ್ಯರೂಪದ ಲೆಕ್ಕವನ್ನು ಬಿಡಿಸುವುದು, ವಾದದಲ್ಲಿನ ತಪ್ಪು ಗುರುತಿಸುವುದು.

ಒಂದು ಸಾಲು ಬರಹದ ಚಾರ್ಟಿನಲ್ಲೂ ಇದೆ, ಮಾತಿನ ಚಾರ್ಟಿನಲ್ಲೂ ಇದೆ. ತನ್ನ ಯೋಚನೆಯನ್ನು ಪೂರ್ಣ ವಾಕ್ಯದಲ್ಲಿ ಹೇಳುವುದು. ನನಗೆ ಈ ಒಂದು ಸಾಲು ತುಂಬಾ ಮುಖ್ಯ ಅನ್ನಿಸುತ್ತದೆ. ತರಗತಿಯಲ್ಲಿ ಮಗು ಒಂದು ಪದ ಹೇಳಿದರೆ ಸಾಕು, ಮಿಕ್ಕಿದ್ದನ್ನು ಮೇಷ್ಟ್ರೇ ತುಂಬಿ ಮುಂದೆ ಹೋಗುತ್ತಾರೆ. "ಸಸ್ಯಗಳು ಆಹಾರ ತಯಾರಿಸುವುದಕ್ಕೆ ಏನು ಅನ್ನುತ್ತೇವೆ?" "ದ್ಯುತಿಸಂಶ್ಲೇಷಣೆ." "ಗುಡ್, ಕೂತ್ಕೋ." ಇಡೀ ವಾಕ್ಯ ಕಟ್ಟುವ ಕೆಲಸ ಆ ಮಗುವಿಗೆ ಬರಲೇ ಇಲ್ಲ. ಪರೀಕ್ಷೆಯ ದಿನ ಮಾತ್ರ ಅದನ್ನು ಕೇಳುತ್ತೇವೆ.

ಹತ್ತು ಹಂತ

ನಾಲ್ಕೂ ಕೌಶಲವನ್ನು ಒಟ್ಟಿಗೆ ಶುರು ಮಾಡಲಿಲ್ಲ. ಮೊದಲು ಬರವಣಿಗೆ. ಅದರಲ್ಲೂ ಒಂದೇ ಬಗೆ: ಏನಾದರೂ ಓದಿ, ಅದನ್ನು ಆಧಾರವಾಗಿಟ್ಟು, ಪ್ರಶ್ನೆಗೆ ವಿವರಣೆಯ ಉತ್ತರ ಬರೆಯುವುದು. ಎಂಕ್ಯಾಸ್‌ನಲ್ಲಿ ಅಂಥ ಪ್ರಶ್ನೆಗಳು ಹಲವು ವಿಷಯದಲ್ಲಿ ಬರುತ್ತಿದ್ದವು. ಎಲ್ಲ ಮೇಷ್ಟ್ರೂ ಕಲಿಸಲು ಒಪ್ಪಿದ ಹಂತಗಳು ಇವು:

1. ಪ್ರಶ್ನೆಯನ್ನು ಗಮನವಿಟ್ಟು ಓದು.
2. ಮುಖ್ಯ ಪದಗಳಿಗೆ ಸುತ್ತು ಹಾಕು ಅಥವಾ ಅಡಿಗೆರೆ ಎಳೆ.
3. ಪ್ರಶ್ನೆಯನ್ನೇ ತಿರುಗಿಸಿ ಉತ್ತರದ ಮೊದಲ ವಾಕ್ಯ ಮಾಡು. ಗೊತ್ತಿಲ್ಲದ ಕಡೆ ಖಾಲಿ ಜಾಗ ಬಿಡು.
4. ಕೊಟ್ಟ ಗದ್ಯವನ್ನು ಗಮನವಿಟ್ಟು ಓದು.
5. ಪ್ರಶ್ನೆಗೆ ಬೇಕಾದದ್ದನ್ನಷ್ಟೇ ಟಿಪ್ಪಣಿ ಮಾಡು, ಉತ್ತರದ ನಕ್ಷೆ ಹಾಕು.
6. ಮೊದಲ ವಾಕ್ಯದ ಖಾಲಿ ಜಾಗ ತುಂಬು.
7. ನಕ್ಷೆ ನೋಡಿಕೊಂಡು ಉತ್ತರ ಬರೆ.
8. ಮೊದಲ ವಾಕ್ಯದ ಮುಖ್ಯ ಪದಗಳು ಉತ್ತರದ ನಡುವೆಯೂ ಕೊನೆಯಲ್ಲೂ ಬರುವಂತೆ ನೋಡಿಕೋ.
9. ಪ್ಯಾರಾ ಮಾಡು.
10. ಮತ್ತೆ ಓದಿ ತಿದ್ದು.

ಮೂರನೇ ಮತ್ತು ಆರನೇ ಹಂತವನ್ನು ನೋಡಿ. ನಮ್ಮಲ್ಲಿ ಬರುವಂಥ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ: "ನಗರಗಳಿಗೆ ಮಳೆನೀರು ಕೊಯ್ಲು ಏಕೆ ಬೇಕು? ಪಾಠದಲ್ಲಿನ ಎರಡು ಕಾರಣ ಕೊಟ್ಟು ವಿವರಿಸಿ." ಮಗು ಮೊದಲು ನಾಲ್ಕು ಕಡೆ ಗುರುತು ಹಾಕುತ್ತದೆ: ಏಕೆ, ಪಾಠದಲ್ಲಿನ, ಎರಡು ಕಾರಣ, ವಿವರಿಸಿ. ಆಮೇಲೆ ಹೀಗೆ ಬರೆದಿಟ್ಟುಕೊಳ್ಳುತ್ತದೆ: "ನಗರಗಳಿಗೆ ಮಳೆನೀರು ಕೊಯ್ಲು ಬೇಕು, ಏಕೆಂದರೆ ______ ಮತ್ತು ______." ಇಲ್ಲಿಯವರೆಗೆ ಅದು ಪಾಠವನ್ನೇ ಮುಟ್ಟಿಲ್ಲ. ಆದರೆ ಈಗ ಪಾಠ ಓದಲು ಕೂತರೆ ಆ ಎರಡು ಖಾಲಿ ಜಾಗಕ್ಕೆ ಏನು ತುಂಬಬೇಕು ಅಂತ ಹುಡುಕುತ್ತಾ ಓದುತ್ತದೆ. ಸುಮ್ನೆ ಮೇಲಿಂದ ಕೆಳಗೆ ಕಣ್ಣಾಡಿಸುವುದು ನಿಲ್ಲುತ್ತದೆ. ಹಾಳೆ ನೋಡಿ ಪೆನ್ನು ಕಚ್ಚುತ್ತಾ ಕೂರುವ ಮಗುವಿಗೆ ಶುರು ಮಾಡಲು ಒಂದು ದಾರಿಯೂ ಸಿಕ್ಕಿತು.

ಪೂರ್ತಿ ಹತ್ತು ಹಂತ ಕೆಲವು ಮಕ್ಕಳಿಗೆ ಬೇಡ. ಚೆನ್ನಾಗಿ ಬರೆಯುವ ಹುಡುಗಿಗೆ ಎಂಟನೇ ಹಂತ ಕಟ್ಟಿಹಾಕಿದ ಹಾಗೆ ಅನ್ನಿಸಬಹುದು. ಒಂದೇ ಪದ ಮೂರು ಕಡೆ ಬಂದರೆ ಬರಹ ಒಣಗುತ್ತದೆ, ನಿಜ. ಆದರೂ ಒಂದು ಪ್ಯಾರಾ ಕೂಡ ಕಟ್ಟಲಾಗದ ಮಗುವಿಗೆ, ಉತ್ತರ ಪ್ರಶ್ನೆಯಿಂದ ಬೇರೆಲ್ಲೋ ಜಾರಿಹೋಗದಂತೆ ತಡೆಯುವುದು ಅದೇ ಹಂತ.

ಪಿ.ಟಿ. ಮೇಷ್ಟ್ರಿಗೆ ಇದು ಯಾಕೆ?

ಈ ಪ್ರಶ್ನೆ ಬ್ರಾಕ್‌ಟನ್‌ನಲ್ಲೂ ಬಂತು. ಇದು ಜಿಮ್, ಇಲ್ಲಿ ಬರವಣಿಗೆ ನಾವ್ಯಾಕೆ ಕಲಿಸಬೇಕು ಅಂತ ದೈಹಿಕ ಶಿಕ್ಷಣದ ಕೆಲವರು ತಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿದರು. ಈ ಶಾಲೆಯಲ್ಲಿ ಕೆಲಸ ಮಾಡುವುದಾದರೆ ಇದು ನಿಮ್ಮ ಕೆಲಸವೇ ಅಂತ ಆ ಮುಖ್ಯಸ್ಥರು ಉತ್ತರ ಕೊಟ್ಟರು. ಗಟ್ಟಿ ಮಾತು. ಆದರೆ ಬರೀ ಗಟ್ಟಿ ಮಾತಿನಿಂದ ನಡೆಯಲಿಲ್ಲ. ನನಗೆ ಬರುವುದಿಲ್ಲ, ಕಷ್ಟ ಅಂದವರಿಗೆ ಸೂಸನ್ ಅವರು ಸಾಮಾನ್ಯವಾಗಿ ಹೇಳುತ್ತಿದ್ದದ್ದು "ನಾನು ಸಹಾಯ ಮಾಡ್ತೀನಿ" ಅಂತ. ಮೇಷ್ಟ್ರುಗಳ ಭಯ ಸುಳ್ಳಲ್ಲ. ಗಣಿತ ಓದಿ ಬಂದವರಿಗೆ ಪ್ಯಾರಾ ತಿದ್ದುವುದನ್ನು ಯಾರೂ ಕಲಿಸಿರುವುದಿಲ್ಲ. ಜೊತೆಗೆ, ಇದೂ ಎರಡು ವರ್ಷಕ್ಕೆ ಮರೆತುಹೋಗುವ ಇನ್ನೊಂದು ಯೋಜನೆ ಇರಬಹುದು ಅನ್ನುವ ಅನುಮಾನ.

ಹಾಗಾಗಿ ಕಮಿಟಿ ಮೂರು ವ್ಯವಸ್ಥೆ ಮಾಡಿತು. ನನ್ನ ಪ್ರಕಾರ ಇಡೀ ಪ್ರಕರಣದ ಜೀವ ಇಲ್ಲಿದೆ.

ಮೊದಲನೆಯದು, ಮೇಷ್ಟ್ರುಗಳಿಗೇ ಪಾಠ. ಒಳ್ಳೆಯ ಉತ್ತರ ಅಂದರೆ ಹೇಗಿರಬೇಕು ಅಂತ ಒಂದು ಅಳತೆಪಟ್ಟಿ ಮಾಡಿದರು. ವಿಭಾಗದ ಮುಖ್ಯಸ್ಥರು ಮೊದಲು ಅದನ್ನು ಕಲಿತರು, ಆಮೇಲೆ ಮುನ್ನೂರು ಮೇಷ್ಟ್ರಿಗೂ ಚಿಕ್ಕ ಚಿಕ್ಕ ಗುಂಪಿನಲ್ಲಿ ತರಬೇತಿ ಆಯಿತು. ಇದಕ್ಕೆ ಹೊಸ ಸಮಯ ಕೇಳಲಿಲ್ಲ. ಶಿಕ್ಷಕರ ಸಂಘದ ಒಪ್ಪಂದದಲ್ಲಿ ತಿಂಗಳಿಗೆ ಎರಡು ಗಂಟೆ ಮೀಟಿಂಗಿಗೆ ಅಂತ ಇತ್ತು. ಮೊದಲು ಅದು ಸುತ್ತೋಲೆ, ಸೂಚನೆ ಅಂತ ಕಳೆದುಹೋಗುತ್ತಿತ್ತು. ಅದೇ ಎರಡು ಗಂಟೆಯನ್ನು ತರಬೇತಿಗೆ ತಿರುಗಿಸಿದರು. ಒಂದು ನಿಮಿಷವೂ ಜಾಸ್ತಿ ಮಾಡಲಿಲ್ಲ. ಕಮಿಟಿಯಲ್ಲಿ ಇದ್ದವರಲ್ಲಿ ಹೆಚ್ಚಿನವರೂ ಸಂಘದವರೇ. ಹಾಗಾಗಿ ಸಂಘ ಎದುರು ನಿಲ್ಲಲಿಲ್ಲ. ಮೇಷ್ಟ್ರ ಸಮಯಕ್ಕೆ ಹೀಗೆ ಮರ್ಯಾದೆ ಕೊಟ್ಟದ್ದು ಸಣ್ಣ ವಿಷಯ ಅಲ್ಲ. ಸುಧಾರಣೆಯ ಹೆಸರಿನಲ್ಲಿ ನಾವು ಮೊದಲು ಕಿತ್ತುಕೊಳ್ಳುವುದೇ ಅದನ್ನು.

ಎರಡನೆಯದು ಕ್ಯಾಲೆಂಡರ್. ಹತ್ತು ಹಂತದ ಪಾಠವನ್ನು ಎಲ್ಲರೂ ಒಂದೇ ವಾರ ಮಾಡಿದರೆ ಮಕ್ಕಳಿಗೆ ಬೇಸರ. ಯಾವಾಗ ಬೇಕೋ ಆಗ ಮಾಡಿ ಅಂದರೆ ಯಾರೂ ಮಾಡುವುದಿಲ್ಲ. ಅದಕ್ಕೆ ವಿಭಾಗಗಳಿಗೆ ಸರದಿ ಹಾಕಿದರು. ಈಗ ಸಮಾಜ ವಿಜ್ಞಾನ, ಆಮೇಲೆ ಇನ್ನೊಂದು ವಿಭಾಗ, ಅದರ ನಂತರ ಮತ್ತೊಂದು. ಒಬ್ಬ ಮೇಷ್ಟ್ರಿಗೆ ಇದು ವರ್ಷದಲ್ಲಿ ಕೆಲವೇ ದಿನದ ಕೆಲಸ. ಮಗುವಿಗೆ ಮಾತ್ರ ಅದೇ ಹತ್ತು ಹಂತ, ಅದೇ ಮಾತಿನಲ್ಲಿ, ಬೇರೆ ಬೇರೆ ಮೇಷ್ಟ್ರ ಬಾಯಿಂದ ವರ್ಷವಿಡೀ ಮತ್ತೆ ಮತ್ತೆ. ಅಡುಗೆಗೆ ಉಪ್ಪು ಹಾಕುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬದಲಾದರೂ ಅಳತೆ ಮಾತ್ರ ಬದಲಾಗಲಿಲ್ಲ.

ಮೂರನೆಯದು ಪರಿಶೀಲನೆ. ಪಾಠ ಮಾಡಿದ ಮೇಲೆ ಪ್ರತಿ ಮೇಷ್ಟ್ರೂ ಮಕ್ಕಳು ಬರೆದ ಹಾಳೆಗಳನ್ನು ವಿಭಾಗದ ಮುಖ್ಯಸ್ಥರಿಗೆ ಕೊಡಬೇಕು. ಅವರು ಅಳತೆಪಟ್ಟಿ ಇಟ್ಟು ನೋಡುತ್ತಾರೆ. ಒಂದೇ ಹಾಳೆಗೆ ಒಬ್ಬರು ಜಾಸ್ತಿ ಅಂಕ, ಇನ್ನೊಬ್ಬರು ಕಡಿಮೆ ಅಂಕ ಕೊಟ್ಟರೆ ಅದರ ಬಗ್ಗೆಯೇ ಮಾತುಕತೆ. ಪಾಠ ಆಯಿತಾ ಅಂತ ರಿಜಿಸ್ಟರಿನಲ್ಲಿ ಟಿಕ್ ಹಾಕುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಹಾಳೆ ಕೈಗೆ ಬಂದಾಗ ಯಾವ ಹಂತ ಮಕ್ಕಳಿಗೆ ಹತ್ತಿಲ್ಲ ಅಂತ ಕಣ್ಣಿಗೆ ಕಾಣುತ್ತದೆ.

ಗಣಿತದಲ್ಲಿ, ವಿಜ್ಞಾನದಲ್ಲಿ

ವಿಜ್ಞಾನದ ಒಬ್ಬ ಟೀಚರ್ ಮಕ್ಕಳಿಗೆ ಸ್ಯಾಂಡ್‌ವಿಚ್ ಮಾಡುವ ಬಗೆಯನ್ನು ಹಂತ ಹಂತವಾಗಿ ಬರೆಯಲು ಹೇಳಿದರು. ಕಪಾಟು ತೆರೆದು ಕಡಲೆಬೀಜದ ಬೆಣ್ಣೆ ತೆಗೆಯುವುದರಿಂದ ಹಿಡಿದು ಕೊನೆಗೆ ಚಾಕು ತೊಳೆಯುವವರೆಗೆ. ಕೇಳಲು ಮಕ್ಕಳಾಟ. ಆದರೆ ಪ್ರಯೋಗದ ವಿಧಾನ ಬರೆಯುವಾಗ ಮಕ್ಕಳು ಮಾಡುವ ತಪ್ಪು ಇದೇ ಅಲ್ವಾ? ತಮಗೆ ಗೊತ್ತಿರುವುದು ಓದುವವರಿಗೂ ಗೊತ್ತು ಅಂದುಕೊಂಡು ನಡುವಿನ ಹಂತ ಬಿಟ್ಟುಬಿಡುತ್ತಾರೆ.

ಗಣಿತದಲ್ಲಿ ಲೆಕ್ಕ ಬಿಡಿಸಿ, ಹೇಗೆ ಬಿಡಿಸಿದೆ ಅಂತ ಸರಳ ವಾಕ್ಯಗಳಲ್ಲಿ ಬರೆಸುತ್ತಿದ್ದರು. ಅದೇ ರೀತಿಯ ಒಂದು ಲೆಕ್ಕ ನೋಡೋಣ: 5 + 4² − 3 × 2. ಸರಿಯಾಗಿ ಮಾಡಿದ ಮಗು ಬರೆಯುತ್ತದೆ: "ಮೊದಲು 4ರ ವರ್ಗ ಮಾಡಿದೆ, 16 ಬಂತು. ಆಮೇಲೆ 3ನ್ನು 2ರಿಂದ ಗುಣಿಸಿದೆ, 6 ಬಂತು. 5ಕ್ಕೆ 16 ಕೂಡಿಸಿ 6 ಕಳೆದೆ. ಉತ್ತರ 15." ಇನ್ನೊಂದು ಮಗುವಿನ ಉತ್ತರ 75. ಬರೀ 75 ಅಂತ ಇದ್ದರೆ ಮೇಷ್ಟ್ರು ತಪ್ಪು ಗುರುತು ಹಾಕಿ ಮುಂದೆ ಹೋಗುತ್ತಾರೆ. "ಮೊದಲು 5 ಮತ್ತು 4 ಕೂಡಿಸಿದೆ, 9 ಬಂತು, ಅದರ ವರ್ಗ 81" ಅಂತ ಬರೆದಿದ್ದರೆ ತಪ್ಪು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಮಗ್ಗಿ ಸರಿಯಾಗಿದೆ, ವರ್ಗ ಸರಿಯಾಗಿದೆ, ಕ್ರಮ ತಪ್ಪಿದೆ. ಇಲ್ಲಿ ಬರವಣಿಗೆ ಗಣಿತದ ಸಮಯವನ್ನು ತಿನ್ನಲಿಲ್ಲ, ಗಣಿತ ಕಲಿಸುವ ಸಮಯವನ್ನು ಉಳಿಸಿತು.

ಇದು ಒಂದು ಶಾಲೆಯ ಅನುಭವ ಮಾತ್ರ ಅಲ್ಲ. 2020ರಲ್ಲಿ ಸ್ಟೀವ್ ಗ್ರಹಾಂ ಮತ್ತು ಸಂಗಡಿಗರು ಇಂಥ 56 ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿದರು. ವಿಜ್ಞಾನ, ಸಮಾಜ, ಗಣಿತ ಮೂರರಲ್ಲೂ ಪಾಠದ ಬಗ್ಗೆ ಬರೆದ ಮಕ್ಕಳು ಆ ಪಾಠವನ್ನು ಚೆನ್ನಾಗಿ ಕಲಿತಿದ್ದರು. ಲಾಭ ಭಾರೀ ದೊಡ್ಡದೇನಲ್ಲ, ಆದರೆ ಮೂರೂ ಕಡೆ ಇತ್ತು.

ಫಲಿತಾಂಶವನ್ನು ಎಷ್ಟು ನಂಬಬೇಕು?

2001ರ ಪರೀಕ್ಷೆಯಲ್ಲಿ ಬ್ರಾಕ್‌ಟನ್‌ನ ಫಲಿತಾಂಶ ಎಲ್ಲರ ಕಣ್ಣು ಸೆಳೆಯಿತು. ಇಂಗ್ಲಿಷಿನಲ್ಲಿ ಫೇಲಾಗುವವರ ಪ್ರಮಾಣ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು. ಸುಧಾರಣೆಯಲ್ಲಿ ರಾಜ್ಯಕ್ಕೇ ಮುಂದಿದ್ದ ಶಾಲೆ ಇದು.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಡಿಪ್ಲೊಮಾಕ್ಕೆ ಈ ಪರೀಕ್ಷೆ ಲೆಕ್ಕಕ್ಕೆ ಬಂದದ್ದು ಅದೇ ವರ್ಷ. ಹಿಂದಿನ ವರ್ಷಗಳಲ್ಲಿ ಮಕ್ಕಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಒತ್ತಡ ಇರಲಿಲ್ಲ. 2001ರಲ್ಲಿ ರಾಜ್ಯವಿಡೀ ಫೇಲಾದವರ ಪ್ರಮಾಣ ಇಳಿಯಿತು. ಹಾಗಾಗಿ ಆ ವರ್ಷದ ಏರಿಕೆಯನ್ನೆಲ್ಲ ಹತ್ತು ಹಂತದ ಖಾತೆಗೆ ಹಾಕುವುದು ಸರಿಯಲ್ಲ.

ನನ್ನನ್ನು ಹೆಚ್ಚು ಒಪ್ಪಿಸುವುದು ಮುಂದಿನ ಲೆಕ್ಕ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರೊನಾಲ್ಡ್ ಫರ್ಗ್ಯೂಸನ್ ಅವರ ವರದಿ ಮಕ್ಕಳು ಎಂಟನೇ ತರಗತಿಯಲ್ಲಿ ಎಲ್ಲಿದ್ದರು, ಹತ್ತಕ್ಕೆ ಬರುವಾಗ ಎಷ್ಟು ಮುಂದೆ ಬಂದರು ಅಂತ ನೋಡಿತು. ಎಲ್ಲಿಗೆ ಮುಟ್ಟಿದರು ಅನ್ನುವುದಕ್ಕಿಂತ ಎಲ್ಲಿಂದ ಹೊರಟರು ಅಂತ ಕೇಳುವ ಲೆಕ್ಕ ಇದು. ಆ ಹೊತ್ತಿಗೆ ಪರೀಕ್ಷೆಯ ಒತ್ತಡ ಎಲ್ಲ ಶಾಲೆಗೂ ಒಂದೇ. ಆಗಲೂ ಇಂಗ್ಲಿಷಿನ ಪ್ರಗತಿಯಲ್ಲಿ ಬ್ರಾಕ್‌ಟನ್ ರಾಜ್ಯದ ನೂರಕ್ಕೆ 90 ಹೈಸ್ಕೂಲುಗಳನ್ನು ಹಿಂದೆ ಹಾಕಿತ್ತು. ಸೂಸನ್ ಅವರು 2004ರಿಂದ 2013ರವರೆಗೆ ಅಲ್ಲಿ ಪ್ರಿನ್ಸಿಪಾಲರಾಗಿದ್ದರು. ಅಷ್ಟು ವರ್ಷ ಅದೇ ಕೆಲಸವನ್ನು ಬಿಡದೆ ಹಿಡಿದಿದ್ದರು ಅನ್ನುವುದು ಗಮನಿಸಬೇಕಾದ ವಿಷಯ. ಆದರೂ ಇದು ಪ್ರಯೋಗಾಲಯದ ಪ್ರಯೋಗ ಅಲ್ಲ. ಶಾಲೆಯಲ್ಲಿ ಒಟ್ಟಿಗೇ ಹಲವು ಬದಲಾದವು. ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ.

ಹತ್ತು ಹಂತಕ್ಕೆ ಸಿಗದೆ ಉಳಿದದ್ದು

ಈ ಕ್ರಮದ ಮೇಲೆ ನನಗೆ ಒಂದು ದೊಡ್ಡ ತಕರಾರಿದೆ. ಇದು ಎಲ್ಲ ವಿಷಯಕ್ಕೂ ಒಂದೇ ಓದು, ಒಂದೇ ಬರಹ ಅನ್ನುತ್ತದೆ. 2008ರಲ್ಲಿ ಟಿಮತಿ ಮತ್ತು ಸಿಂಥಿಯಾ ಶನಹನ್ ಪ್ರಕಟಿಸಿದ ಅಧ್ಯಯನದಲ್ಲಿ ರಸಾಯನಶಾಸ್ತ್ರ, ಇತಿಹಾಸ, ಗಣಿತದ ತಜ್ಞರು ಹೇಗೆ ಓದುತ್ತಾರೆ ಅಂತ ಕೂರಿಸಿ ನೋಡಿದ್ದರು. ಇತಿಹಾಸಕಾರರು ಬರೆದವರು ಯಾರು, ಅವರ ಒಲವು ಏನು ಅಂತ ಗಮನಿಸುತ್ತಾ ಓದುತ್ತಾರೆ. ರಸಾಯನಶಾಸ್ತ್ರದವರು ವಾಕ್ಯದಿಂದ ಚಿತ್ರಕ್ಕೆ, ಚಿತ್ರದಿಂದ ಸೂತ್ರಕ್ಕೆ ಹೋಗಿ ಬಂದು ಮಾಡುತ್ತಾರೆ. ಗಣಿತದವರು ಒಂದೊಂದು ಸಣ್ಣ ಪದವನ್ನೂ ಬಿಡದೆ ಮತ್ತೆ ಮತ್ತೆ ಓದುತ್ತಾರೆ.

ಹಾಗಾದರೆ 1857ರ ಬಗ್ಗೆ ಒಬ್ಬ ಬ್ರಿಟಿಷ್ ಅಧಿಕಾರಿ ಬರೆದ ಪತ್ರವನ್ನು ಓದುವ ಮಗುವಿಗೆ ಮುಖ್ಯ ಪದಕ್ಕೆ ಸುತ್ತು ಹಾಕು ಅಂದರೆ ಸಾಲದು. ಇದನ್ನು ಬರೆದವರು ಯಾರು, ಯಾರಿಗೆ ಬರೆದರು ಅಂತ ಕೇಳಲು ಕಲಿಸಬೇಕು. ಅದನ್ನು ಕಲಿಸಬಲ್ಲವರು ಸಮಾಜ ವಿಜ್ಞಾನದ ಮೇಷ್ಟ್ರೇ. ಹತ್ತು ಹಂತ ನೆಲಗಟ್ಟಾಗಬಹುದು, ಅದರ ಮೇಲಿನದ್ದನ್ನು ಆಯಾ ವಿಷಯದವರೇ ಕಟ್ಟಬೇಕು. ಎರಡರಲ್ಲಿ ಒಂದನ್ನು ಆರಿಸಬೇಕು ಅಂತೇನೂ ನನಗೆ ಅನ್ನಿಸುವುದಿಲ್ಲ. ಆದರೆ ಪ್ಯಾರಾ ಬರೆಯಲು ಬಾರದ ಮಗು ಇರುವಲ್ಲಿ ಮೊದಲು ನೆಲಗಟ್ಟು.

ಆಮೇಲೆ ಏನಾಯಿತು?

ಬ್ರಾಕ್‌ಟನ್ ಇವತ್ತು ಅದೇ ಎತ್ತರದಲ್ಲಿ ಇಲ್ಲ. 2023ರಲ್ಲಿ ಊರಿನ ಶಾಲಾ ಬಜೆಟ್ಟಿನಲ್ಲಿ ಸುಮಾರು 14 ಮಿಲಿಯನ್ ಡಾಲರ್ ಕೊರತೆ ಬಯಲಾಯಿತು. ಮೇಷ್ಟ್ರುಗಳ ಕೊರತೆ, ಖಾಲಿ ತರಗತಿಗಳು, ಮಕ್ಕಳ ನಡುವೆ ಹೊಡೆದಾಟ. 2024ರ ಫೆಬ್ರವರಿಯಲ್ಲಿ ಶಾಲಾ ಸಮಿತಿಯ ನಾಲ್ವರು ಸದಸ್ಯರು ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಸೇನಾ ಪಡೆಯನ್ನು ಶಾಲೆಗೆ ಕರೆಸಿ ಅಂತ ಕೇಳುವವರೆಗೂ ಹೋಯಿತು. ಪಡೆ ಬರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ರಾಜ್ಯದ ಮತದಾರರು ಎಂಕ್ಯಾಸ್ ಪಾಸಾದರೆ ಮಾತ್ರ ಡಿಪ್ಲೊಮಾ ಅನ್ನುವ ನಿಯಮವನ್ನೇ ಮತ ಹಾಕಿ ತೆಗೆದುಹಾಕಿದರು.

ಇದನ್ನು ಓದಿ ಆ ಕೆಲಸವೆಲ್ಲ ವ್ಯರ್ಥ ಅನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. 2001ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಆ ಬಾಗಿಲಿನಿಂದ ಹೊರಗೆ ಹೋದ ಸಾವಿರಾರು ಮಕ್ಕಳು ಬರೆಯಲು ಕಲಿತು ಹೋದರು. ಆದರೆ ಹಾಳೆ ನೋಡುವ ಮೇಷ್ಟ್ರೇ ಇಲ್ಲದಾಗ ಗೋಡೆಯ ಚಾರ್ಟು ಏನೂ ಮಾಡಲಾರದು. ಈ ವ್ಯವಸ್ಥೆ ನಿಂತಿದ್ದದ್ದು ಜನರ ಮೇಲೆ.

ನಮ್ಮ ಹೈಸ್ಕೂಲಿಗೆ ತಂದರೆ

ನಮ್ಮ ಬಿ.ಎಡ್. ಓದಿನಲ್ಲಿ ಪಠ್ಯಕ್ರಮದಾದ್ಯಂತ ಭಾಷೆ ಅಂತ ಒಂದು ವಿಷಯವೇ ಇದೆ. ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳ ನಂತರ ಬಂದದ್ದು. ಅದನ್ನು ಓದಿ ಪಾಸಾದವರು ಸಾವಿರಾರು ಜನ. ಶಾಲೆಗೆ ಸೇರಿದ ಮೇಲೆ ಮಾತ್ರ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರು ಪಿಸಿಎಂ ಮೇಷ್ಟ್ರೇ, ಕನ್ನಡ ಟೀಚರ್ ಕನ್ನಡ ಟೀಚರೇ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ "ಕಾರಣ ಕೊಡಿ" ಅಂತ ಬಂದಾಗ ಮಗು ಬರೆಯುವ ಅರ್ಧ ವಾಕ್ಯಕ್ಕೆ ಯಾರು ಹೊಣೆ ಅಂತ ಯಾರೂ ಕೇಳುವುದಿಲ್ಲ.

ಬ್ರಾಕ್‌ಟನ್‌ಗೆ ಹೋಲಿಸಿದರೆ ನಮ್ಮ ಸರ್ಕಾರಿ ಹೈಸ್ಕೂಲು ಪುಟ್ಟದು. ಎಂಟು ಹತ್ತು ಜನ ಮೇಷ್ಟ್ರು. ಇದೊಂದು ಅನುಕೂಲ. ಮುನ್ನೂರು ಜನರನ್ನು ಒಪ್ಪಿಸಬೇಕಿಲ್ಲ, ಒಂದು ಬೆಂಚಿನ ಸುತ್ತ ಎಲ್ಲರೂ ಕೂರಬಹುದು. ಹತ್ತು ಹಂತವೂ ಬೇಡ. ಮೊದಲು "ಕಾರಣ ಕೊಡಿ" ಪ್ರಶ್ನೆ ಒಂದನ್ನೇ ಹಿಡಿಯಿರಿ. ಪ್ರಶ್ನೆಯನ್ನು ತಿರುಗಿಸಿ ಖಾಲಿ ಜಾಗದ ವಾಕ್ಯ ಮಾಡುವುದು, ಅದನ್ನು ತುಂಬುವುದು, ಮತ್ತೆ ಓದುವುದು, ಈ ಮೂರು ಹಂತ ಸಾಕು. ಜುಲೈನಲ್ಲಿ ವಿಜ್ಞಾನದವರು ಮಾಡಲಿ, ಆಗಸ್ಟಿನಲ್ಲಿ ಸಮಾಜದವರು, ಆಮೇಲೆ ಗಣಿತ, ಹಿಂದಿ, ಪಿ.ಟಿ. "ಓಡುವ ಮೊದಲು ಮೈ ಬಿಸಿ ಮಾಡಬೇಕು, ಏಕೆಂದರೆ ______" ಅನ್ನುವುದು ಪಿ.ಟಿ. ಮೇಷ್ಟ್ರು ಧಾರಾಳವಾಗಿ ಬರೆಸಬಹುದಾದ ವಾಕ್ಯ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಲ್ಲಿ ಇದನ್ನು ಸೇರಿಸಿದರೆ ಬೇರೆ ದಾಖಲೆ ಬೇಕಾಗುವುದಿಲ್ಲ. ಎಲ್ಲರೂ ಒಂದೇ ಮಾತು ಬಳಸಬೇಕು, ಅಷ್ಟೆ. ಒಬ್ಬರು ಅಡಿಗೆರೆ ಅಂದು ಇನ್ನೊಬ್ಬರು ಹೈಲೈಟ್ ಅಂದರೆ ಮಗುವಿಗೆ ಎರಡೂ ಬೇರೆ ಕೆಲಸ ಅನ್ನಿಸುತ್ತದೆ.

ತಿಂಗಳ ಸಿಬ್ಬಂದಿ ಸಭೆಯಲ್ಲಿ ಹದಿನೈದು ನಿಮಿಷ ತೆಗೆದಿಡಿ. ಆ ತಿಂಗಳ ಸರದಿಯವರು ಐದು ಮಕ್ಕಳ ಹಾಳೆ ತರಲಿ, ಹೆಸರು ಮುಚ್ಚಿ ಎಲ್ಲರೂ ಓದಲಿ. ಐದರಲ್ಲಿ ಮೂರು ಹಾಳೆ ಹಿಂದಿನ ಬೆಂಚಿನ ಮಕ್ಕಳದ್ದಾಗಿರಲಿ. ಚೆನ್ನಾಗಿ ಬರೆಯುವವರ ಹಾಳೆ ನೋಡಿದರೆ ನಮಗೆ ಖುಷಿಯಾಗುತ್ತದೆ, ಆದರೆ ಮುಂದಿನ ತಿಂಗಳು ಏನು ಕಲಿಸಬೇಕು ಅಂತ ಗೊತ್ತಾಗುವುದು ಆ ಮೂರು ಹಾಳೆಯಿಂದ.